ಎಂಟು ದಿನ ನದಿ ಕಾಣದ ಭಾವ

ನಮ್ಮ ಭಾವನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೂ ಒಂದು ಕಣ್ಣು ಬಾಗಿಲಾಚೆಯ ನದಿಯ ಮೇಲೆ. ಮೂವತ್ತು ವರ್ಷದಿಂದ ದೋಣಿ ನಡೆಸುತ್ತಿದ್ದಾರೆ. ಅಕ್ಕನನ್ನು ಕರೆದುಕೊಂಡು ಒಂದು ದಿನವಾದರೂ ಬೇರೆ ಊರಲ್ಲಿ ಉಳಿದಿದ್ದನ್ನು ನಾನು ಕಂಡಿಲ್ಲ.

ತಪ್ಪು ಪೂರ್ತಿ ಅವರದೂ ಅಲ್ಲ, ನದಿಯದು. ಅಗಲವೋ ಅಗಲ, ಆಳ ಮಾತ್ರ ಅಲ್ಲೊಂದು ಇಲ್ಲೊಂದು ಕಡೆ. ತಳದ ಮರಳು ವಾರಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಸೇತುವೆ ಕಟ್ಟಲು ಬಂದವರು ಗೂಟ ನೆಟ್ಟು ಹೋದರು. ಮರುವರ್ಷ ಬಂದು ನೋಡಿದರೆ ನೀರು ಗೂಟ ಬಿಟ್ಟು ಅರ್ಧ ಮೈಲಿ ಆಚೆ! ದೋಣಿ ಎಲ್ಲಿ ನಿಲ್ಲುತ್ತದೋ ಅಲ್ಲೇ ನಮ್ಮ ಪೇಟೆ. ಸೈಕಲ್ ರಿಪೇರಿಯವನ ತಗಡಿನ ಅಂಗಡಿ ಈಗಾಗಲೇ ನಾಲ್ಕು ಸಲ ಹೆಗಲೇರಿದೆ. ಹಾಲು, ತರಕಾರಿ ನಮ್ಮ ದಡದವು. ಆಸ್ಪತ್ರೆ, ಹೈಸ್ಕೂಲು, ಸಿಮೆಂಟು ಎಲ್ಲ ಆಚೆಯವು. ಅದಕ್ಕೇ ಭಾವ ದಿನಾ ಬೆಳಿಗ್ಗೆ ಜನ ಹತ್ತುವ ಮುಂಚೆ ಖಾಲಿ ದೋಣಿಯಲ್ಲಿ ಹೋಗಿ, ಬಿದಿರಿನ ಗಳ ಅದ್ದಿ ಅದ್ದಿ ಅವತ್ತಿನ ದಾರಿ ಹುಡುಕಿ ಬರುತ್ತಾರೆ.

ಅಕ್ಕನ ಎರಡೂ ಮಂಡಿ ಸವೆದುಹೋಗಿದ್ದವು. ಎಡಗಾಲಿನ ಆಪರೇಷನ್‌ಗೆ ಭಾವ ಎಂಟು ದಿನ ಆಸ್ಪತ್ರೆಯಲ್ಲಿ ಉಳಿಯಲೇಬೇಕಾಯಿತು. ದೋಣಿ ನನ್ನ ಕೈಗೆ ಬಂತು. ನಾನು ನೋಡಲು ಹೋದಾಗಲೆಲ್ಲ ಭಾವನ ಮೊದಲ ಪ್ರಶ್ನೆ, "ನೀರೆಷ್ಟಿದೆಯೋ?" ಉತ್ತರ ಹೇಳಿದರೆ ನಂಬುವುದಿಲ್ಲ. ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಮಹಡಿಗೆ. ಎಲ್ಲಿಂದಲೂ ನದಿ ಕಾಣದು. ನರ್ಸು ರೋಸಿಹೋಗಿ, "ಸ್ವಲ್ಪ ಕೂತ್ಕೊಳ್ರೀ, ಪೇಷಂಟ್ ಯಾರು ಅಂತಾನೇ ಗೊತ್ತಾಗ್ತಿಲ್ಲ" ಅಂದಳು.

ಒಂಬತ್ತನೆಯ ದಿನ ಅಕ್ಕನನ್ನು ಕುರ್ಚಿ ಸಮೇತ ದೋಣಿಯಲ್ಲಿ ಕೂರಿಸಿದೆವು. ನಾನು ಗಳ ಎತ್ತಿದ್ದೇ ತಡ, ಭಾವ ಕಿತ್ತುಕೊಂಡರು.

"ಮೊನ್ನೆಯಿಂದ ಎಡಗಡೆ ಮರಳು ಬಂದಿದೆ ಭಾವ, ಬಲಕ್ಕೆ ಹೋಗಿ."

"ನನಗೇ ನದಿ ತೋರಿಸ್ತೀಯೇನೋ?"

ಎಡಕ್ಕೇ ಹೋದರು. ನಟ್ಟನಡುವೆ ದೋಣಿ ಗರಕ್ಕನೆ ಮರಳಿಗೆ ಕಚ್ಚಿಕೊಂಡಿತು. ಅಕ್ಕ ಮಂಡಿ ಹಿಡಿದು ಮುಖ ಕಿವುಚಿದಳು. ನನಗೆ ಸಿಟ್ಟು ನೆತ್ತಿಗೇರಿತು. ಭಾವ ಮೊಣಕಾಲು ಮಟ್ಟದ ನೀರಿಗೆ ಇಳಿದು ಅವಳ ಹತ್ತಿರ ಬಂದರು.

"ನೋವಾಯ್ತಾ?"

"ಆಗದೇ ಇರುತ್ತಾ?" ಅಂದಳು ಅಕ್ಕ. "ಬಲಗಾಲಿಗೆ ಮುಂದಿನ ತಿಂಗಳು ಬರೋಕೆ ಹೇಳಿದ್ರಲ್ಲ, ಡಾಕ್ಟರಿಗೆ ಬೇಡ ಅಂದುಬಿಟ್ಟೆ."

"ಯಾಕೆ?"

"ಇನ್ನೂ ಎಂಟು ದಿನ ನಿಮ್ಮನ್ನ ಆ ಕಿಟಕಿ ಹತ್ರ ನೋಡೋಕೆ ನನ್ನ ಕೈಲಾಗಲ್ಲ. ಕುಂಟ್ಕೊಂಡು ಹೇಗೋ ಇರ್ತೀನಿ ಬಿಡಿ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಭಾವ ಗಳವನ್ನು ನನ್ನ ಕೈಗಿಟ್ಟು, ದೋಣಿಗೆ ಹೆಗಲು ಕೊಟ್ಟು ಮರಳಿನಿಂದ ಬಿಡಿಸಿದರು.

"ವಾಪಸ್ ತಿರುಗಿಸೋ."

"ಮನೆ ಮುಂದಿದೆ ಭಾವ."

"ಗೊತ್ತು. ಡಾಕ್ಟರು ಐದು ಗಂಟೆಗೆ ಹೊರಟುಬಿಡ್ತಾರೆ. ಅಷ್ಟರಲ್ಲಿ ಬಲಗಾಲಿಗೂ ದಿನ ಗೊತ್ತು ಮಾಡಿಸ್ಬೇಕು. ದಾರಿ ಯಾವ ಕಡೆ, ನೀನೇ ಹೇಳು."