ಏಳರ ಎಣಿಕೆಗೆ ಓಣಿಯ ಚಹಾ

ಕಳೆದ ಗುರುವಾರ ನಮ್ಮ ಓಣಿಯ ಮಗ್ಗಗಳೆಲ್ಲ ನನ್ನ ಗಂಟೆಗೆ ನಿಂತವು. ನೇಕಾರರ ಊರಾದ ಬನಹಟ್ಟಿಯಲ್ಲಿ ಇದು ಸಣ್ಣ ಮಾತಲ್ಲ.

ಕಾರಣ, ನನ್ನ ತಮ್ಮ ಮಲ್ಲಪ್ಪ. ವಯಸ್ಸು ಅರವತ್ತೆರಡು, ಕೈಯಲ್ಲಿ ಗಿಟಾರು. ನಾನು ಐದಕ್ಕೆ ಎದ್ದು, ಐದೂವರೆಗೆ ಅಂಗಳ ಗುಡಿಸಿ, ಆರಕ್ಕೆ ಚಹಾ ಕುಡಿಯುವವಳು (ಶಾಲೆಯ ಹೆಡ್‌ಮಿಸ್ ಆಗಿದ್ದಾಗಿನ ರೂಢಿ, ನಿವೃತ್ತಿಯಾದರೂ ಬಿಟ್ಟಿಲ್ಲ). ಅವನಿಗೋ, ಎದ್ದಾಗ ಬೆಳಗು. ಟೈಮ್ ಸೆನ್ಸ್ ಇಲ್ಲವೆಂದು ಅವನನ್ನು ಬೈಯುತ್ತಲೇ ನನ್ನ ಕೂದಲು ಬೆಳ್ಳಗಾಯಿತು.

ಯೌವನದಲ್ಲಿ ಅವನು ಪುಣೆಯಲ್ಲಿ ನಾಲ್ವರ ಬ್ಯಾಂಡ್ ಕಟ್ಟಿದ್ದ. ಪ್ರೋಗ್ರೆಸಿವ್ ರಾಕ್ ಅಂತೆ. ಒಂದು ಹಾಡು ಹದಿನಾರು ನಿಮಿಷ! ಬೇರೆ ಹಾಡುಗಳು ನಾಲ್ಕರ ಎಣಿಕೆಯಲ್ಲಿ ನಡೆದರೆ ಇದು ಏಳರಲ್ಲಿ. ನಡುವೆ ಐದಕ್ಕೆ ಹಾರಿ ಮತ್ತೆ ಏಳಕ್ಕೆ. ಬ್ಯಾಂಡ್ ಒಡೆಯಿತು. ಉಳಿದ ಒಂದೇ ಕ್ಯಾಸೆಟ್‌ಗೆ ಬೂಷ್ಟು ಹಿಡಿಯಿತು. ಈಗ ಆ ಹಾಡುಗಳನ್ನೆಲ್ಲ ತಾನೊಬ್ಬನೇ ಮತ್ತೆ ರೆಕಾರ್ಡ್ ಮಾಡುತ್ತೇನೆಂದು ಹೊರಟ.

ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಮುಧೋಳದ ಗೆಳೆಯ ಈಗಲೂ ಪುಣೆಯಲ್ಲೇ ಇದ್ದಾನೆ. ಫೋನಿನಲ್ಲಿ ನಕ್ಕನಂತೆ. "ಬಿಡಲೇ ಮಲ್ಲ್ಯಾ, ಆ ಹಾಡು ಅವತ್ತೇ ಮುಗದ್ವು. ಸಂದು ಹಿಡದ ಬೆರಳಿಗೆ ಏಳರ ಎಣಿಕಿ ಎಲ್ಲಿ ಬರ್ತೈತಿ?"

ಅವತ್ತು ತಮ್ಮ ಊಟ ಮಾಡಲಿಲ್ಲ. ನನಗೂ ಸಿಟ್ಟು ಬಂತು. ನನ್ನ ತಮ್ಮನನ್ನು ಬೈಯುವ ಹಕ್ಕು ನನ್ನದು, ಪುಣೆಯವರದಲ್ಲ!

ಆದರೆ ಮೈಕ್ ಇಟ್ಟರೆ ಅದಕ್ಕೆ ಕೇಳಿಸುವುದು ಗಿಟಾರಲ್ಲ, ಪವರ್‌ಲೂಮು. ನಮ್ಮ ಮನೆಯ ಮೂರೂ ಬದಿಗೆ ಮಗ್ಗದ ಶೆಡ್ಡುಗಳು.

"ಅಕ್ಕಾ, ಬುಧವಾರ ಕರೆಂಟ್ ತೆಗೀತಾರಂತ. ಮಗ್ಗ ಎಲ್ಲಾ ಬಂದ್. ಅವತ್ತ ಹೊಡೀತೀನಿ ನೋಡು!"

ಬುಧವಾರ ಓಣಿ ತಣ್ಣಗಾಯಿತು. ತಮ್ಮ ಸ್ನಾನ ಮಾಡಿ, ಕೈಮುಗಿದು, ತಂತಿ ಮೀಟಿದ. ಸದ್ದಿಲ್ಲ. ಅವನ ಗಿಟಾರಿಗೂ ಕರೆಂಟ್ ಬೇಕಲ್ಲ! (ನಗಬೇಡಿ. ನನಗೂ ಹೊಳೆದಿರಲಿಲ್ಲ.)

ಕರೆಂಟ್ ಇದ್ದೂ ಮಗ್ಗ ನಿಲ್ಲುವುದು ಚಹಾದ ಹೊತ್ತಿಗೆ ಮಾತ್ರ. ನೋಟ್‌ಬುಕ್ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಹೊರಟೆ. ಆರು ಶೆಡ್ಡು, ಚಹಾಕ್ಕೆ ಆರು ಬೇರೆ ಬೇರೆ ವೇಳೆ. ಇದೆಂಥ ಅವ್ಯವಸ್ಥೆ? ಟೈಮ್‌ಟೇಬಲ್ ಬರೆದೆ. ಗುರುವಾರ ಎಲ್ಲರ ಚಹಾ ನಾಲ್ಕಕ್ಕೆ, ಇಪ್ಪತ್ತು ನಿಮಿಷ. ಶುರುವಿಗೊಂದು, ಮುಕ್ತಾಯಕ್ಕೊಂದು ಗಂಟೆ. ಮುಕ್ತಾಯದ ಗಂಟೆಯವರೆಗೆ ಯಾರೂ ಸದ್ದು ಮಾಡಕೂಡದು.

ಪಕ್ಕದ ಶೆಡ್ಡಿನ ಈರಪ್ಪ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. "ಅಕ್ಕಾರ, ಏಳು ಎಣಸಾಕ ಹದಿನಾರು ನಿಮಿಷ ಬೇಕೇನ್ರಿ? ಹಿಂಗ ಟೈಮ್ ಕೊಟ್ಟಿದ್ರ ನಾನೂ ಗಣಿತದಾಗ ಪಾಸ್ ಆಗತಿದ್ದೆ!"

"ಆಗತಿದ್ದಿಲ್ಲ. ಸಹಿ ಹಾಕು."

ಗುರುವಾರ ನಾಲ್ಕಕ್ಕೆ ಗಂಟೆ ಹೊಡೆದೆ. ಒಂದೊಂದಾಗಿ ಮಗ್ಗ ನಿಂತವು. ಕೊನೆಯದೂ ಅಡಗಿದಾಗ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿತು. ಹಾಡುಹಗಲಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. (ಓಡಿ ಹೋಗಿ ಅದರ ಸೆಲ್ ಕಿತ್ತೆ.)

ತಮ್ಮ ಶುರು ಮಾಡಿದ. ಏಳು, ಏಳು, ಐದು, ಮತ್ತೆ ಏಳು. ಚಹಾದ ಕಪ್ಪು ಹಿಡಿದ ನೇಕಾರರು ಬಾಗಿಲಲ್ಲಿ ನಿಂತರು. ಅರ್ಧ ದಾಟಿದ ಮೇಲೆ ಅವನ ಕಿರುಬೆರಳು ಮಡಚಿಕೊಂಡಿತು. ಮುಖ ಕಿವುಚಿದ. ಆ ಬೆರಳನ್ನು ಬಿಟ್ಟು ಉಳಿದ ಮೂರರಲ್ಲೇ ಮುಂದುವರಿಸಿದ. ಎಣಿಕೆ? ಕೂದಲೆಳೆಯಷ್ಟೂ ಸಡಿಲಾಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಮಾಡಿಸಿದ್ದೇನೆ. ಇಂಥ ಶಿಸ್ತು ಕಂಡಿರಲಿಲ್ಲ.

ಕೊನೆಯ ತಂತಿಯ ನಾದ ಅಡಗಿತು. ಯಾರೂ ಅಲುಗಾಡಲಿಲ್ಲ. ಈರಪ್ಪ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕಾರ, ಗಂಟಿ ಹೊಡೀರಿ. ಚಪ್ಪಾಳಿ ತಡಕೊಳ್ಳಾಕ ಆಗವಲ್ದು!"

ಹೊಡೆದೆ. ಓಣಿಗೆ ಓಣಿಯೇ ಸಿಳ್ಳೆ ಹಾಕಿತು.

ಸಂಜೆ ಹಾಡು ಪುಣೆಗೆ ಹೋಯಿತು. ಅರ್ಧ ತಾಸಿನಲ್ಲಿ ಫೋನು. "ಮಲ್ಲ್ಯಾ, ಮುಂದಿನ ಹಾಡಿಗೆ ನಾನೂ ಬರ್ಲೇನು?"

"ಬಾರಲೇ. ನಾಕಕ್ಕ ಅಂದ್ರ ನಾಕಕ್ಕ ಬಾ. ತಡಾ ಆದ್ರ ನಮ್ಮಕ್ಕ ಒಳಗ ಬಿಡೂದಿಲ್ಲ!"

ಹಾಡಿನ ಉದ್ದ ಸರಿಯಾಗಿ ಹದಿನಾರು ನಿಮಿಷ, ಹಳೆಯ ಕ್ಯಾಸೆಟ್‌ನಲ್ಲಿ ಇದ್ದಷ್ಟೇ. ನಾನು ಗಂಟೆ ಹೊಡೆದಾಗ ನಾಲ್ಕು ಇಪ್ಪತ್ತೆರಡು: ಎರಡು ನಿಮಿಷ ಲೇಟ್. ಗೋಡೆ ಗಡಿಯಾರ ನಿಂತಿತ್ತು, ನಿಜ. ಆದರೆ ಕೈಯಲ್ಲಿ ವಾಚಿತ್ತು.

ಟೈಮ್ ಸೆನ್ಸ್ ಇಲ್ಲದ್ದು ನಮ್ಮಿಬ್ಬರಲ್ಲಿ ಯಾರಿಗೆ?