ಇಳಿಯುವ ಜಾಗ

ಹಾರುವ ಕಾರು ಬರಲಿಲ್ಲ. ಇದು ನಿಮಗೂ ಗೊತ್ತು, ನಾಲ್ಕನೇ ಮಹಡಿಯ ರಾಕೆಟ್ ಮಾವನಿಗೂ ಗೊತ್ತು. ಆದರೂ ಬೆಳಗಾದರೆ ತಾರಸಿ ಗುಡಿಸಿ, ಅದು ಇಳಿಯುವ ಜಾಗಕ್ಕೆ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆಯುತ್ತಾರೆ. ಅಲ್ಲಿ ಯಾರಾದರೂ ಹಗ್ಗ ಕಟ್ಟಿ ಸೀರೆ ಒಣಹಾಕಿದರೆ ಮುಗಿಯಿತು: "ತೆಗೀರಮ್ಮಾ, ರೆಕ್ಕೆಗೆ ಸಿಕ್ಕಿಕೊಂಡ್ರೆ ಯಾರು ಜವಾಬ್ದಾರಿ?" ಚಿಕ್ಕಂದಿನಲ್ಲಿ ಪತ್ರಿಕೆಯಲ್ಲಿ ಓದಿದ ಭರವಸೆಯನ್ನು ನಂಬಿ ಸೈಕಲ್ಲನ್ನೂ ಕೊಳ್ಳದ ಆಸಾಮಿ. "ಫೋನಲ್ಲಿ ಮುಖಕ್ಕೆ ಬೆಕ್ಕಿನ ಮೂತಿ ಅಂಟಿಸ್ಕೊಳ್ಳೋಕೆ ಬಂತಲ್ಲ, ಇದಕ್ಕೇನು ಬಂತು ರೋಗ?" ಎಂದು ಆಕಾಶಕ್ಕೇ ಬೈಯುತ್ತಾರೆ. ಕೆಳಗಿನ ಮನೆಗಳವರು ಬಿದ್ದು ಬಿದ್ದು ನಗುತ್ತಾರೆ. ಮನೆಯೊಳಗೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಹೆಂಡತಿ ಮಾತ್ರ ಕೇಳುತ್ತಾರೆ: "ರೀ, ಅದು ಇಳಿಯೋದು ಹಾಗಿರಲಿ, ನಾನು ಇಳಿಯೋದು ಯಾವಾಗ?" ಮಂಡಿ ಸವೆದ ಆಕೆ ಬೀದಿಗೆ ಕಾಲಿಟ್ಟು ವರ್ಷಗಳೇ ಆದವು. ಕೆಳಗೆ ನಿಲ್ಲುವ ತರಕಾರಿ ಗಾಡಿಯಲ್ಲಿ ಬದನೆಕಾಯಿಯನ್ನು ತಾನೇ ಒತ್ತಿ ನೋಡಿ ಆರಿಸಬೇಕೆನ್ನುವುದು ಆಕೆಯ ಆಸೆ. "ಬರುತ್ತೆ ಕಣೇ, ನಿನ್ನ ಕಿಟಕಿಗೇ ತಂದು ನಿಲ್ಲಿಸ್ತೀನಿ" ಎನ್ನುವಾಗ ಮಾವ ಆಕೆಯ ಮುಖ ನೋಡುವುದಿಲ್ಲ, ಸುಣ್ಣ ಮೆತ್ತಿದ ಬೆರಳುಗಳನ್ನು ಒರೆಸಿಕೊಳ್ಳುತ್ತಾರೆ. ಕಟ್ಟಡದ ಸಭೆಯಲ್ಲಿ ಲಿಫ್ಟ್ ಹಾಕಿಸುವ ಮಾತು ಬಂದಾಗಲೆಲ್ಲ "ನಮಗ್ಯಾಕೆ ಬೇಕು" ಎಂದು ಎದ್ದು ಹೋಗುವ ನೆಲಮಹಡಿಯವರೇ, ನಕ್ಕಿದ್ದು ಸಾಕು. ಹಾರುವ ಕಾರು ನಿಮ್ಮ ಕೈಯಲ್ಲಿಲ್ಲ, ಲಿಫ್ಟು ನಿಮ್ಮ ಕೈಯಲ್ಲೇ ಇದೆ. ಈ ಸಲ ಕೂತುಕೊಂಡು ಹೂಂ ಅನ್ನಿ.