ವೀಣಾಳ ಪರವಾಗಿ ಅಕ್ಕ ಹೇಳಿದ್ದು

ವೀಣಾ ಸೋಮಾರಿ ಎಂಬುದು ಭದ್ರಾವತಿಯ ಜನ್ನಾಪುರದ ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತು ಮಾಡಿಸಿದವಳು ಅವಳ ಅಕ್ಕ, ಹೈಸ್ಕೂಲ್ ಟೀಚರ್ ಪ್ರಿಯದರ್ಶಿನಿ. ಪ್ರೀತಿಯಿಂದಲೇ ಹೇಳುತ್ತಿದ್ದಳು: “ನಮ್ಮ ವೀಣಾ ಬಿಡಿ, ಕೈಗೆ ತಗೊಂಡಿದ್ದು ಯಾವುದನ್ನ ಮುಗಿಸಿದಾಳೆ?” ವೀಣಾ ಕೂಡ ನಗುತ್ತಿದ್ದಳು. ಮಾತೇನೂ ಸುಳ್ಳಲ್ಲ. ಬಿ.ಎ.ಯಲ್ಲಿ ಒಂದು ಪೇಪರ್ ಉಳಿದೇ ಹೋಗಿತ್ತು. ಸ್ಕೂಟಿ ಕಲಿಯುವುದು ಅರ್ಧಕ್ಕೆ ನಿಂತಿತ್ತು. ನೆರೆಯವರು ಕುಚ್ಚು ಕಟ್ಟಲು ಕೊಟ್ಟ ಸೀರೆ ಬೀರುವಿನ ಮೇಲೆ ತಿಂಗಳುಗಟ್ಟಲೆ ಕೂತಿರುತ್ತಿತ್ತು. ಕಡೆಗೆ ಮದುವೆ ನಾಳೆ ಎನ್ನುವಾಗ ಕಟ್ಟಿಕೊಡುತ್ತಿದ್ದಳು. ಕಟ್ಟಿದ ಮೇಲೆ ಮಾತ್ರ ಎಲ್ಲರ ಕಣ್ಣೂ ಆ ಸೆರಗಿನ ಮೇಲೆಯೇ.

ಅಪ್ಪ ಅಮ್ಮ ತೀರಿಹೋದ ಮೇಲೆ ಅವಳು ಅಕ್ಕನ ಮನೆಯಲ್ಲೇ ಉಳಿದಿದ್ದಳು. ಅಕ್ಕ ಶಾಲೆಗೆ, ಭಾವ ವಸಂತ್ ಬ್ಯಾಂಕಿಗೆ ಹೋದರೆ, ಮಗು ಕವನಾಳನ್ನು ಉಣ್ಣಿಸಿ, ಮಲಗಿಸಿ, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ತಿರುಗಿ ಬೆಳೆಸಿದವಳು ವೀಣಾ. ಅದನ್ನು ಕೆಲಸವೆಂದು ಯಾರೂ ಅಂದುಕೊಳ್ಳಲಿಲ್ಲ, ಅವಳೂ ಅಂದುಕೊಳ್ಳಲಿಲ್ಲ.

ಒಂದು ಸಲ ಅವಳಿಗೂ ಹುಮ್ಮಸ್ಸು ಬಂದಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕುಚ್ಚಿನ ಅಂಗಡಿ ಇಟ್ಟಿದ್ದ ತುಂಗಮ್ಮ ಯಾರದೋ ಮದುವೆಯಲ್ಲಿ ಅಕ್ಕನ ಸೆರಗು ನೋಡಿ, ಇದನ್ನು ಕಟ್ಟಿದವರನ್ನು ನನ್ನ ಹತ್ತಿರ ಕೆಲಸಕ್ಕೆ ಕಳಿಸಿ ಎಂದಿದ್ದರು. ಆ ವಾರವೆಲ್ಲ ವೀಣಾ ಯಾರೂ ಎಬ್ಬಿಸದೆ ಎದ್ದಳು. ಶಿವಮೊಗ್ಗದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಟ್ಟಳು. ಮಾತಾಡಿ ಬರ್ತೀನಿ ಎಂದು ಹೋದ ಅಕ್ಕ ವಾಪಸ್ ಬಂದು, “ಬೇರೆ ಯಾರನ್ನೋ ತಗೊಂಡ್ರಂತೆ ಕಣೆ” ಎಂದಳು. ಹುಮ್ಮಸ್ಸು ಅಲ್ಲಿಗೇ ಇಳಿಯಿತು. ಆಮೇಲೆ ಬೆಳಿಗ್ಗೆ ಏಳುವುದೇ ಭಾರವಾಯಿತು. ಗಾಂಧಿ ಬಜಾರಿಗೆ ಹೋದರೂ ಅವಳು ಆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ.

ಕವನಾ ಹೈಸ್ಕೂಲು ಸೇರಿದ ವರ್ಷ, ಪಕ್ಕದ ಮನೆ ಹಾಲಮ್ಮನ ಸೀರೆಗೆ ಒಪ್ಪುವ ದಾರ ಎಲ್ಲೂ ಸಿಗದೆ, ಕಡೆಗೆ ತುಂಗಮ್ಮನ ಅಂಗಡಿಗೇ ಹೋಗಬೇಕಾಯಿತು. ಅರ್ಧ ಕಟ್ಟಿದ್ದ ಸೆರಗನ್ನು ತುಂಗಮ್ಮ ಬೆಳಕಿಗೆ ಹಿಡಿದು ನೋಡಿದರು.

“ಪ್ರಿಯದರ್ಶಿನಿ ಟೀಚರ್ ನಿಂಗೇನಾಗ್ಬೇಕು?”

“ಅಕ್ಕ.”

“ಹಂಗಾದ್ರೆ ಬರಲ್ಲ ಅಂದೋಳು ನೀನೇ.”

“ನಾನು ಯಾವಾಗ ಅಂದೆ?”

“ನೀನೆಲ್ಲಿ ಅಂದೆ ಮಾರಾಯ್ತಿ, ನಿಮ್ಮಕ್ಕ ಅಂದ್ರು. ‘ಅವಳು ಸೋಮಾರಿ, ನಾಕು ದಿನ ಬಂದು ಬಿಡ್ತಾಳೆ, ನಿಮಗೇ ತೊಂದ್ರೆ’ ಅಂತ. ಆಮೇಲೂ ಒಂದ್ಸಲ ಅವರಿಗೆ ಫೋನ್ ಮಾಡಿ ಕೇಳಿದ್ದೆ, ಅದೇ ಮಾತು.”

ದಾರ ಕೊಂಡು ಬಸ್ಸು ಹತ್ತಿದವಳಿಗೆ ಮಲವಗೊಪ್ಪ ದಾಟಿದ್ದೂ ತಿಳಿಯಲಿಲ್ಲ. ಮನೆಯಲ್ಲಿ ಅಕ್ಕ ಹುರುಳಿಕಾಯಿ ಬಿಡಿಸುತ್ತಿದ್ದಳು. ವೀಣಾ ಚಪ್ಪಲಿ ಬಿಟ್ಟು ನೇರವಾಗಿ ಕೇಳಿದಳು.

“ನಿಂಗೆ ಆಗ್ತಿರ್ಲಿಲ್ಲ ವೀಣಾ,” ಎಂದಳು ಅಕ್ಕ. ತಂಗಿ ಅಲ್ಲಿಂದ ಕದಲದಿದ್ದಾಗ ದನಿ ತಗ್ಗಿತು. “ಕವನಾ ಅಂಬೆಗಾಲಿಡ್ತಿದ್ಲು. ನಾನು ಯಾರ ಹತ್ರ ಬಿಟ್ಟು ಹೋಗ್ಲಿ?”

“ಹಂಗೇ ಕೇಳಿದ್ರೆ ನಾನೇ ಉಳ್ಕೋತಿದ್ದೆ ಅಕ್ಕ.”

ಅಕ್ಕ ಇನ್ನೊಂದು ಹುರುಳಿಕಾಯಿ ಕೈಗೆತ್ತಿಕೊಂಡಳು. ಒಳಗಿದ್ದ ಭಾವ ಟಿವಿಯ ಸದ್ದು ಕಡಿಮೆ ಮಾಡಿದರು, ಹೊರಗೆ ಬರಲಿಲ್ಲ. ಅವರಿಗೂ ಗೊತ್ತಿತ್ತು ಎಂದು ವೀಣಾಳಿಗೆ ಆಗ ಹೊಳೆಯಿತು.

ಮರುದಿನವೇ ಅವಳು ಅಂಗಡಿಗೆ ಹೋದಳು ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಹೋಗಲಿಲ್ಲ. ಹೊದಿಕೆ ಎಳೆದುಕೊಂಡು ಮಲಗಿದ್ದಳು. ಬಾಗಿಲಲ್ಲಿ ನಿಂತು ನೋಡಿದ ಅಕ್ಕನ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ. ನಾನು ಹೇಳಿರಲಿಲ್ಲವೇ ಎಂಬ ಸಮಾಧಾನವಿತ್ತು. ಸಿಟ್ಟು ಬಂದರೆ ಮೈಗೆ ಬಲ ಬರುತ್ತದೆ ಎಂದು ವೀಣಾ ಅಂದುಕೊಂಡಿದ್ದಳು. ಬಂದದ್ದು ಅಳು. ಇಷ್ಟು ವರ್ಷ ತನ್ನ ಸ್ವಭಾವ ಎಂದು ನಂಬಿದ್ದರಲ್ಲಿ ತನ್ನದೆಷ್ಟು, ಅಕ್ಕ ಹೇಳಿ ಹೇಳಿ ಅಂಟಿಸಿದ್ದೆಷ್ಟು ಎಂದು ಬಿಡಿಸಿ ನೋಡಲು ಹೋಗಿ ಸೋತಳು.

ಹತ್ತು ಹನ್ನೆರಡು ದಿನ ಹೀಗೇ ಹೋಯಿತು. ಒಂದು ಬೆಳಿಗ್ಗೆ, ಹೋಗಬೇಕೋ ಬೇಡವೋ ಎಂದು ಮಲಗಿದಲ್ಲೇ ಯೋಚಿಸುವುದನ್ನು ಬಿಟ್ಟು, ಸುಮ್ಮನೆ ಎದ್ದು ಜಡೆ ಹಾಕಿಕೊಂಡಳು. ಬಸ್‌ಸ್ಟಾಪಿನವರೆಗೆ ನಡೆದರೆ ಸಾಕು, ಮುಂದಿನದು ಅಲ್ಲಿ ನೋಡೋಣ ಎಂದುಕೊಂಡಳು. ಬಸ್ಸು ಬಂತು, ಹತ್ತಿದಳು. “ಬಂದ್ಯಾ, ಕೂತ್ಕೋ” ಎಂದು ತುಂಗಮ್ಮ ಒಂದು ಸೀರೆಯನ್ನು ಮುಂದಕ್ಕೆ ಸರಿಸಿದರು. ಕೈ ಕೆಲಸಕ್ಕೆ ಇಳಿದ ಮೇಲೆ ಮನಸ್ಸೂ ಹಿಂದೆ ಬಂತು, ಆದರೆ ತಡವಾಗಿ. ಎಷ್ಟೋ ದಿನ ಬರಲೇ ಇಲ್ಲ. ಅಂಥ ದಿನಗಳಲ್ಲೂ ಅವಳು ಬಸ್‌ಸ್ಟಾಪಿಗೆ ನಡೆದಳು.

ಈಗ ಅವಳು ಆ ಅಂಗಡಿಗೆ ಬೇಕಾದವಳು. ಇರುವುದು ಅಕ್ಕನ ಮನೆಯಲ್ಲೇ. ಇಬ್ಬರೂ ಸಾರಿಗೆ ಉಪ್ಪು ಸಾಕೇ, ಗ್ಯಾಸ್ ಬಂತೇ ಎಂದಷ್ಟೇ ಮಾತಾಡುತ್ತಾರೆ. ಮೊನ್ನೆ ನೆಂಟರ ಗೃಹಪ್ರವೇಶದಲ್ಲಿ ಯಾರೋ ವೀಣಾಳ ಕೆಲಸವನ್ನು ಹೊಗಳಿದಾಗ ಅಕ್ಕ ನಗುತ್ತ, “ನಾನೇ ಬೈದು ಕಳಿಸಿದ್ದು” ಎಂದಳು.

ಬಡಿಸುತ್ತಿದ್ದ ವೀಣಾ ನಿಂತಳು. “ಇಲ್ಲ ಅಕ್ಕ,” ಎಂದಳು, ಪಂಕ್ತಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ. “ನೀನು ಕಳಿಸ್ಲಿಲ್ಲ.”

ಆಮೇಲೆ ಮುಂದಿನ ಎಲೆಗೆ ಕೋಸಂಬರಿ ಬಡಿಸಿದಳು.